ಬಾಕಿಮಾರು ಗದ್ದೆಯ ಬೆಂಡೋಲೆ

ಬೆಳುವಾಯಿ
18-1-2025, ಶನಿವಾರ

ಪ್ರೀತಿಯ ಅತ್ತೆಗೆ ಕಾಂತಿಯ ನಮಸ್ಕಾರಗಳು.

ಮಗಳ ಬಾಣಂತನದ ಓಡಾಟದಲ್ಲಿ ನಿಮ್ಮ ಮಂಡಿನೋವು ಹೇಗುಂಟು? ಮಗು ಯಾರ ಹಾಗೆ ಎಂದು ಅಲ್ಲಿ ದೊಡ್ಡ ಚರ್ಚೆಯಂತೆ. ಫೋಟೋದಲ್ಲಿ ನನಗೆ ಮಾವನ ಹಣೆಯೇ ಕಾಣುತ್ತದೆ. ಪ್ರಾಪ್ತಿಯ ಬಾಣಂತಿ ಮದ್ದನ್ನು ನಾಳೆ ಅಬುಧಾಬಿಗೆ ಹೊರಡುವ ಇಮ್ತಿಯಾಝ್ ಕೈಯಲ್ಲಿ ಕಳಿಸುತ್ತಿದ್ದೇನೆ, ಜೊತೆಗೆ ಈ ಪತ್ರ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ನಾದಿನಿ ಅಪ್ಪಿ ಅತ್ತೆಯ ಹೆಸರೆತ್ತಿದ ಕೂಡಲೇ ನೀವು ಕಟ್ ಮಾಡುತ್ತೀರಿ. ಪತ್ರವನ್ನು ಕಟ್ ಮಾಡಲಿಕ್ಕಾಗುವುದಿಲ್ಲ.

ಪಕ್ಕದ ಮನೆಯ ಲತೇಶ್ ದೋಹಾದಿಂದ ಲೋಹ ಹುಡುಕುವ ಮೆಷಿನ್ ತಂದಿದ್ದಾನೆ. ಉದ್ದ ಕೋಲು, ತುದಿಯಲ್ಲಿ ತಟ್ಟೆ. ಮಣ್ಣಿನಡಿ ಲೋಹವಿದ್ದರೆ ಕುಂಯ್ ಎನ್ನುತ್ತದೆ. ನಾರಾವಿಯಲ್ಲಿ ಯಾರಿಗೋ ಹಳೇ ನಾಣ್ಯ ಸಿಕ್ಕಿತೆಂದು ಅವನು ಹೇಳಿದ್ದೇ ತಡ, ಮಾವ ಅದನ್ನು ಎರವಲು ತಂದು ನಮ್ಮ ಅಂಗಳದೆದುರಿನ ಬಾಕಿಮಾರು ಗದ್ದೆಗೆ ಇಳಿದರು. ಅರಸರ ಕಾಲದ ಕೊಪ್ಪರಿಗೆ ಸಿಕ್ಕಿದರೆ ಸರಕಾರಕ್ಕೆ ಒಪ್ಪಿಸುವುದು, ಪೇಪರಿನಲ್ಲಿ ಫೋಟೋ ಹಾಕಿಸಿಕೊಳ್ಳುವುದು ಎಂದು ಶರ್ಟಿಗೆ ಇಸ್ತ್ರಿಯೂ ಆಯಿತು. ಒಂದು ವಾರದಲ್ಲಿ ಸಿಕ್ಕಿದ್ದು ಟಿಲ್ಲರಿನ ನಟ್ಟುಗಳು, ಸೋಡಾ ಮುಚ್ಚಳಗಳು ಮತ್ತು ಕೋಳಿ ಅಂಕದಲ್ಲಿ ಹುಂಜದ ಕಾಲಿಗೆ ಕಟ್ಟುವ ಹನ್ನೊಂದು ಸಣ್ಣ ಕತ್ತಿಗಳು. ಇವು ನಮ್ಮ ಗದ್ದೆಗೆ ಹೇಗೆ ಬಂದವು ಎಂದು ಕೇಳಿದರೆ, "ಗಾಳಿಗೆ ಬಂದದ್ದಿರಬೇಕು ಮಾರಾಯ್ತಿ" ಎಂದರು. ನೀವು ತವರಿಗೆ ಹೋದಾಗಲೆಲ್ಲ ಇಲ್ಲಿ ನಡೆಯುತ್ತಿದ್ದ ಭಜನೆ ಯಾವುದೆಂದು ಈಗ ತಿಳಿಯಿತು.

ಗುರುವಾರ ಬೆಳಿಗ್ಗೆ ಮೆಷಿನ್ ಬೊಬ್ಬೆ ಹೊಡೆಯಿತು. ಮಾವ ಅಗೆದರು, ಹೆಂಟೆಯನ್ನು ಕೈಯಲ್ಲಿ ಪುಡಿ ಮಾಡಿದರು, ಸಿಕ್ಕಿದ್ದನ್ನು ಪಂಚೆಯಲ್ಲಿ ಒರೆಸಿ ನನ್ನೆದುರು ಹಿಡಿದರು. ಅತ್ತೆ, ಅದು ನಿಮ್ಮ ಕಿವಿಯ ಬೆಂಡೋಲೆ. ಜೋಡಿಯಲ್ಲಿ ಕಳೆದುಹೋದ ಆ ಒಂದು. ಟಿಲ್ಲರಿಗೆ ಸಿಕ್ಕಿ ಸ್ವಲ್ಪ ನೆಗ್ಗಿದೆ, ಕೆಂಪು ಕಲ್ಲು ಹಾಗೆಯೇ ಉಂಟು. ಹದಿನಾಲ್ಕು ವರ್ಷದ ಹಿಂದೆ ಅಪ್ಪಿ ಅತ್ತೆ ಮುಂಡಾಜೆಯಿಂದ ಬಂದು ಹೋದ ದಿನ ಅದು ಕಾಣೆಯಾಯಿತೆಂದು ನೀವು ಅವರ ಮೇಲೆ ಹೊರಿಸಿದಿರಿ. ಮಾವ ಮತ್ತೆ ತಂಗಿಯ ಮನೆ ಮೆಟ್ಟಲಿಲ್ಲ. ನಮ್ಮ ಮದುವೆಗೂ ಅವರಿಗೆ ಕಾಗದ ಹೋಗಲಿಲ್ಲ. ಬೆಂಡೋಲೆ ದನದ ಹಟ್ಟಿಗೆ ಸೊಪ್ಪು ಹಾಕುವಾಗ ನಿಮ್ಮ ಕಿವಿಯಿಂದ ಬಿದ್ದು, ಗೊಬ್ಬರದ ಬುಟ್ಟಿಯಲ್ಲಿ ಗದ್ದೆ ಸೇರಿರಬೇಕು. ಆ ವರ್ಷ ಗೊಬ್ಬರ ಹೊತ್ತದ್ದು ನೀವೇ ಎಂದು ಮಾವನಿಗೆ ನೆನಪುಂಟು.

ಗದ್ದೆಯ ಬದುವಿನಲ್ಲಿ ಕೂತು ಅವರು ಅತ್ತರು. ನನಗೂ ಅಳು ಬಂತು. ನೀವು ಬೇಕೆಂದು ಮಾಡಿದ್ದಲ್ಲ, ಗೊತ್ತು. ಆದರೂ ಅಪ್ಪಿ ಅತ್ತೆಗೆ ನೀವೇ ಒಂದು ಫೋನ್ ಮಾಡಬೇಕು. ಮಾವನಿಗೆ ನಿಮ್ಮ ಹತ್ತಿರ ಹೇಳುವ ಧೈರ್ಯವಿಲ್ಲ. "ಅವಳ ಕಪಾಟಿನ ಸೀರೆಯಡಿ ಇಟ್ಟು ಸುಮ್ಮನೆ ಕೂತುಕೊಳ್ಳುವ" ಎನ್ನುತ್ತಾರೆ. ಇವತ್ತು ಮೀನಿಗೆಂದು ಮೂಡುಬಿದಿರೆಗೆ ಹೋದವರು ಮಧ್ಯಾಹ್ನವಾದರೂ ಬಂದಿಲ್ಲ.

ಮಗುವಿಗೆ ನನ್ನದೊಂದು ಮುತ್ತು. ಪ್ರಾಪ್ತಿಗೆ ಬಿಸಿನೀರ ಸ್ನಾನ ತಪ್ಪಿಸಬೇಡಿ.

ನಿಮ್ಮ ಸೊಸೆ,
ಕಾಂತಿ

ವಿ.ಸೂ.: ಮಾವ ಈಗ ಬಂದರು. ಮೀನಿಲ್ಲ, ಜೊತೆಯಲ್ಲಿ ಅಪ್ಪಿ ಅತ್ತೆ. ಬೆಂಡೋಲೆಯನ್ನು ಅವರ ಕೈಗೇ ಕೊಟ್ಟುಬಿಟ್ಟಿದ್ದಾರೆ. ಅವರು ಅದನ್ನು ಸೆರಗಿಗೆ ಗಂಟು ಹಾಕಿ, "ಅತ್ತಿಗೆ ಬರಲಿ, ಅವರ ಕಿವಿಗೆ ನಾನೇ ಇಡ್ತೇನೆ. ಅಲ್ಲಿವರೆಗೆ ಇಲ್ಲೇ ಇರ್ತೇನೆ" ಎಂದರು. ಎರಡು ಚೀಲ ಬಟ್ಟೆ ತಂದಿದ್ದಾರೆ, ನಿಮ್ಮ ಮಂಚ ಹಿಡಿದಾಗಿದೆ. ನಿಮ್ಮ ಮಾರ್ಚಿನ ವಾಪಸ್ ಟಿಕೆಟ್ ಮುಂದೆ ಹಾಕುವ ಯೋಚನೆ ಮಾಡಬೇಡಿ. ಹದಿನಾಲ್ಕು ವರ್ಷ ಕಾದವರಿಗೆ ಇನ್ನೆರಡು ತಿಂಗಳು ದೊಡ್ಡದಲ್ಲವಂತೆ.