ಎರಡನೇ ಪುಟದ ಹೆಸರುಗಳು

೩ ಮಾರ್ಚ್ ೧೯೮೬, ಸೋಮವಾರ. ಜಿದ್ದಾ
ಬೆಳಿಗ್ಗೆ ಮನೆಯ ಯಜಮಾನ ಬಾಬಾರ ಶುಗರ್ ಇನ್ನೂರ ಹತ್ತು. ಸೂಜಿ ಕೊಟ್ಟೆ. ಗಡ್ಡ ಟ್ರಿಮ್ ಮಾಡುವಾಗ ಬಾಬಾ ಮತ್ತೆ ಶುರು — ಸಯೀದ್, ಮರ್ಜೂಕ್, ಅವಾದ್... ಒಟ್ಟು ಆರು ಹೆಸರು. ಸ್ವಂತ ಮಗ ಮಾಜಿದ್‌ನನ್ನೇ "ನೀನು ಯಾರ ಪೈಕಿ?" ಎಂದು ಕೇಳುವ ಮುದುಕ. ಈ ಆರು ಮಾತ್ರ ಒಂದು ದಿನವೂ ತಪ್ಪುವುದಿಲ್ಲ.

ಈ ದೇಶಕ್ಕೆ ನೌಕಾದಳ ಕಟ್ಟಿಕೊಟ್ಟ ಮನುಷ್ಯ. ಈಗ ಗಂಜಿ ಕುಡಿಸಲಿಕ್ಕೆ ಉಳ್ಳಾಲದ ಈ ಕಲಂದರ್ ಬೇಕು. ಇಪ್ಪತ್ತನೇ ತಾರೀಕಿಗೆ ಅವರಿಗೆ ದೊಡ್ಡ ಸನ್ಮಾನವಂತೆ. ಪದಕ, ಬ್ಯಾಂಡು, ಟೀವಿಯವರು.

೭ ಮಾರ್ಚ್, ಶುಕ್ರವಾರ
ಜುಮಾ ನಮಾಜ್ ಆದ ಮೇಲೆ ಬಾಬಾ ಸರಿಯಾಗಿದ್ದರು. ಎಲ್ಲ ಹೇಳಿದರು. ನೌಕಾದಳದ ಮೊದಲ ಬೋಟು. ಜಿಜಾನ್ ಕಡೆಯ ಸಮುದ್ರ. ಗಾಳಿ ಕೆಟ್ಟಿದೆ, ಇವತ್ತು ಬೇಡ ಎಂದರಂತೆ ಬೋಟಿನವರು. ದೊಡ್ಡವರು ನೋಡಲು ಬಂದಿದ್ದಾರೆ, ಹೊರಡಿ ಎಂದವರು ಬಾಬಾರೇ. ಆರು ಮಂದಿಯೂ ವಾಪಸ್ ಬರಲಿಲ್ಲ.

"ಸನ್ಮಾನದ ದಿನ ಮೊದಲು ಅವರ ಹೆಸರು ಓದಬೇಕು. ಆಮೇಲೆ ನನ್ನದು. ಬರೆದುಕೋ."

ಒಂದು ಚೀಟಿಯಲ್ಲಿ ಬರೆದುಕೊಂಡೆ. ಅವಸರಕ್ಕೆ ಕೈಗೆ ಬರುವುದು ಕನ್ನಡವೇ.

೧೧ ಮಾರ್ಚ್, ಮಂಗಳವಾರ
ಮಾಜಿದ್‌ಗೆ ಹೇಳಿದೆ. ಭಾಷಣ ಓದುವವನು ಅವನೇ. ನಾಲ್ಕು ಪುಟ ಟೈಪ್ ಆಗಿದೆ.

"ಸಂತೋಷದ ದಿನ ಮುಳುಗಿದ ಬೋಟಿನ ಮಾತು ಯಾಕೆ? ಹೆಸರು ಹಾಕಿದ್ದೇವೆ ಅಂತ ಬಾಬಾರಿಗೆ ಹೇಳಿಬಿಡು. ಅವರಿಗೆಲ್ಲಿ ನೆನಪಿರುತ್ತದೆ!" ಸ್ವಲ್ಪ ತಡೆದು — "ಇದೊಂದು ಮುಗಿಯಲಿ. ನಿನ್ನ ರಜೆ ನೋಡೋಣ."

ನನ್ನ ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿದೆ. ಊರು ಬಿಟ್ಟು ಇಪ್ಪತ್ತಾರು ತಿಂಗಳು. ಮಗಳನ್ನು ಇನ್ನೂ ಎತ್ತಿಕೊಂಡಿಲ್ಲ. ಹೆಂಡತಿ ಸುಬೈದಾ ಕಳಿಸಿದ ಫೋಟೋದಲ್ಲಿ ಬಾಯಿ ತುಂಬ ಹಲ್ಲು ಬಂದಾಗಿದೆ.

ಸಂಜೆ ಬಾಬಾ ಹೆಸರು ಹಾಕಿದರಾ ಎಂದು ಕೇಳಿದರು. "ಇದೆ ಬಾಬಾ, ಎರಡನೇ ಪುಟದಲ್ಲಿ" ಎಂದೆ. ನಾಲಗೆ ತಡವರಿಸಲೂ ಇಲ್ಲ. ಥೂ ನನ್ನ ಜನ್ಮಕ್ಕೆ.

೨೦ ಮಾರ್ಚ್, ಗುರುವಾರ. ಸಂಜೆ
ಮುಗಿಯಿತು. ಬಾಬಾ ಗಾಲಿಕುರ್ಚಿಯಲ್ಲಿ, ನಾನು ಹಿಂದೆ. ಮಾಜಿದ್ ಒಂದನೇ ಪುಟ ಮಗುಚಿದ. ಬಾಬಾ ನನ್ನ ಮಣಿಕಟ್ಟು ಹಿಡಿದರು. ಎರಡನೇ ಪುಟ ಓದಿಯಾಯಿತು. ಮೂರು. ನಾಲ್ಕು. ಚಪ್ಪಾಳೆ. ಪದಕ ಹಾಕಿದರು.

"ಕಲಂದರ್... ಎರಡನೇ ಪುಟ?"

ನೆನಪಿತ್ತು. ಮರೆಯಲೇ ಇಲ್ಲ ಮುದುಕ! ಹೆಸರು ನನ್ನ ಜೇಬಿನಲ್ಲಿತ್ತು. ಎದ್ದು ಓದಬಹುದಿತ್ತು. ಹೋದರೆ ರಜೆ ಹೋಗುತ್ತಿತ್ತು, ಅಷ್ಟೇ ತಾನೆ. ಹೆದರಿದೆ.

ಕಾರಿನಲ್ಲಿ ಡ್ರೈವರ್ ಕೊರಗಪ್ಪ, "ಎಂತ ಮಾರಾಯ, ಇಂಗು ತಿಂದ ಮಂಗನ ಹಾಗೆ ಕೂತಿದ್ದಿ? ಟೀವಿಯಲ್ಲಿ ಬಂದಿಯಲ್ಲ, ಖುಷಿ ಪಡು" ಎಂದ. ಪಾಪ, ಅವನಿಗೇನು ಗೊತ್ತು.

೨೯ ಮಾರ್ಚ್, ಶನಿವಾರ
ಒಂಬತ್ತು ದಿನ. ಬಾಬಾ ನನ್ನ ಕೈಯಿಂದ ಒಂದು ಚಮಚ ಗಂಜಿ ತೆಗೆದುಕೊಂಡಿಲ್ಲ. ಬೇರೆಯವರು ಕೊಟ್ಟರೆ ಕುಡಿಯುತ್ತಾರೆ. ನಾನು ಹೋದರೆ ಮುಖ ಗೋಡೆಗೆ.

ನಮ್ಮ ಕಡೆ ಸತ್ತವರ ಹೆಸರು ಚೀಟಿಯಲ್ಲಿ ಬರೆದು ಮಸೀದಿಯ ಮುಸ್ಲಿಯಾರ್ ಕೈಗೆ ಕೊಡುತ್ತೇವೆ. ಅವರು ಒಂದೊಂದೇ ಹೆಸರು ಹೇಳಿ ದುವಾ ಮಾಡುತ್ತಾರೆ. ಇಲ್ಲಿ ಆ ಪದ್ಧತಿ ಇಲ್ಲ. ಯಾರಾದರೂ ಕಂಡರೆ ಬೈಗುಳ ಖಂಡಿತ. ಬೈಯಲಿ. ಸಂಜೆಯ ಅಸರ್ ನಮಾಜ್ ಆದ ಮೇಲೆ ಬಾಬಾರನ್ನು ಟೆರೇಸಿಗೆ ತಂದು, ಚೀಟಿ ಬಿಚ್ಚಿ ಗಟ್ಟಿಯಾಗಿ ಓದಿದೆ. ಮೂರನೇ ಹೆಸರಿಗೆ ಮುಖ ತಿರುಗಿಸಿದರು. ನಾಲ್ಕನೆಯದಕ್ಕೆ ಆಮೀನ್ ಎಂದರು. ಆರೂ ಆದ ಮೇಲೆ —

"ಈಗ ನನ್ನದು."

"ಬದುಕಿರುವವರ ಹೆಸರು ಇದರಲ್ಲಿ ಹಾಕುವುದಿಲ್ಲ ಬಾಬಾ."

"ಹಾಗಾದರೆ ಕೆಳಗೆ ಜಾಗ ಬಿಡು."

ಬಿಟ್ಟೆ. ಆಮೇಲೆ ಗಂಜಿ ಕುಡಿದರು, ನನ್ನ ಕೈಯಿಂದಲೇ. ಅಡುಗೆಮನೆಗೆ ಹೋಗಿ ಅತ್ತೆ.

೬ ಏಪ್ರಿಲ್, ಭಾನುವಾರ
ಬಾಬಾ ಹೋದರು. ಮೊನ್ನೆ ಶುಕ್ರವಾರ, ಬೆಳಗಿನ ಸುಬಹಿ ನಮಾಜಿನ ಹೊತ್ತಿಗೆ. ರೇಡಿಯೋದಲ್ಲಿ ಬಿರುದು, ಪದವಿ, ಪದಕ ಎಲ್ಲ ಹೇಳಿದರು.

ಇವತ್ತು ಮಾಜಿದ್ ಕರೆದು ಪಾಸ್‌ಪೋರ್ಟ್ ಕೈಯಲ್ಲಿಟ್ಟ. ಹೋಗಿ ಬರುವ ವೀಸಾ ಹೊಡೆಸಿದ್ದಾನೆ, ಇವತ್ತಿನ ವಿಮಾನದ ಟಿಕೆಟ್ಟೂ ಇದೆ. ಖುಷಿಯಾಗಬೇಕಿತ್ತು. ಚೀಟಿ ತೆಗೆದು ಕೊಟ್ಟೆ. "ಇದು ಬಾಬಾರದ್ದು."

ತಿರುಗಿಸಿ ಮುರುಗಿಸಿ ನೋಡಿದ. "ಇದೇನು ಬರಹ?" ನನ್ನ ಊರಿನದು ಎಂದೆ. ಯಾರ ಹೆಸರು, ಎರಡನೇ ಪುಟದ ಸುಳ್ಳು, ಕೆಳಗೆ ಯಾಕೆ ಖಾಲಿ — ಎಲ್ಲ ಹೇಳಿದೆ. ಇನ್ನೇನು ಹೆದರಿಕೆ? ತಂದೆಯ ಮಂಚದ ಮೇಲೆ ಕೂತ.

"ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ನೀನು ಹೇಳು. ನಾನು ಹೇಳುತ್ತೇನೆ."

ಸಯೀದ್ ಎಂದೆ. ಸಯೀದ್ ಎಂದ. ಮರ್ಜೂಕ್ ಎನ್ನುವಾಗ ಅರ್ಧಕ್ಕೇ ತಡೆದ. ನಿಂತು, ಪುನಃ ಹೇಳಿದ.

ಕೊರಗಪ್ಪ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ವಿಮಾನಕ್ಕೆ ಹೊತ್ತಾಯಿತು. ಇದೊಂದು ಬರೆದು ಏಳುತ್ತೇನೆ. ಆರು ಮುಗಿಯಿತು. ಏಳನೆಯದನ್ನು ನಾನು ಹೇಳಿಕೊಡಬೇಕಾಗಲಿಲ್ಲ. ಮಾಜಿದ್ ತಾನೇ ಕೆಳಗಿನ ಖಾಲಿ ಜಾಗದ ಮೇಲೆ ಬೆರಳಿಟ್ಟು, ಬಾಬಾ ಎಂದ.