ಲೈವ್‌ನಲ್ಲಿ ಕಂಡ ಅಪ್ಪ

ಫೆಬ್ರವರಿ ೧೧, ಮಂಗಳವಾರ

ಬೆಳಿಗ್ಗೆ ಕೊಟ್ಟಿಗೆಯಿಂದ ಲೈವ್ ವಿಡಿಯೋದಲ್ಲಿ ಹೊಸ ಕರುವನ್ನು ತೋರಿಸುತ್ತಿದ್ದೆ. ನನ್ನ ಹಿಂದೆ ಹಾಲು ಕರೆಯುತ್ತಿದ್ದ ಅಪ್ಪನ ಕೈಯಿಂದ ಬಕೆಟ್ ಜಾರಿತು. "ಏನಪ್ಪಾ, ನೆಲಕ್ಕೂ ಹಾಲು ಕುಡಿಸ್ತಿದ್ದೀಯಾ?" ಎಂದು ನಕ್ಕೆ. ನೋಡುಗರೂ ನಗುವ ಮುಖಗಳನ್ನು ಕಳಿಸಿದರು. ಅವುಗಳ ನಡುವೆ ಯಾರೋ ಬರೆದರು: "ನಾನು ನರ್ಸ್. ನಿಮ್ಮಪ್ಪನ ಬಾಯಿ ಸೊಟ್ಟಗಾಗಿದೆ. ನಗಬೇಡಿ, ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ತಿರುಗಿ ನೋಡಿದೆ. ಬಾಯಿ ನಿಜಕ್ಕೂ ಸೊಟ್ಟಗಾಗಿತ್ತು. ಕೂಡಲೇ ಆಸ್ಪತ್ರೆಗೆ ಕರೆದೊಯ್ದೆ.

"ಪಾರ್ಶ್ವವಾಯು. ಬೇಗ ತಂದಿದ್ದಕ್ಕೆ ಬಚಾವಾದ್ರು," ಎಂದರು ಡಾಕ್ಟರು.

ಅಮ್ಮ ಆಸ್ಪತ್ರೆಯಲ್ಲಿ ಅಪ್ಪನ ಜೊತೆಗಿದ್ದಾಳೆ. ನಾನು ಹಸುಗಳಿಗಾಗಿ ಮನೆಗೆ ಬಂದೆ. ಈಗ ಆ ವಿಡಿಯೋ ಮತ್ತೆ ನೋಡಿದೆ. ಅಪ್ಪ ನನ್ನನ್ನು ಕೂಗಲು ಒದ್ದಾಡುತ್ತಿದ್ದಾನೆ. ನಾನು ಫೋನ್ ನೋಡಿಕೊಂಡು ನಗುತ್ತಿದ್ದೇನೆ. ಅಳಿಸಲು ಹೋದೆ. ಹೆಸರೂ ಗೊತ್ತಿಲ್ಲದ ಆ ನರ್ಸಮ್ಮನ ಮಾತೂ ಅದರಲ್ಲೇ ಇದೆ. ಅಳಿಸಲಾಗುತ್ತಿಲ್ಲ...