ಗಟ್ಟಿಮೇಳಕ್ಕೆ ಕೂಡಿಟ್ಟ ಸದ್ದು

ಮುದ್ದೇನಕೆರೆ, ಸಿರಾ ಸೀಮೆ
ಫೆಬ್ರವರಿ ೩೦, ೨೩೪೧

ಮುನ್ನೂರು ವರ್ಷ ಹಿಂದಿರುವ ಹಿರಿಯರ ಪಾದಗಳಿಗೆ ಓಬಳಯ್ಯನ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಿಮ್ಮ ಕಾಲದಲ್ಲಿ ಇಪ್ಪತ್ತೆಂಟಕ್ಕೇ ಉಸಿರು ಕಟ್ಟುತ್ತಿದ್ದ ಫೆಬ್ರವರಿಗೆ ಈಗ ಮೂವತ್ತು ದಿನ. ಆ ಎರಡು ದಿನ ಸೇರಿಸಿಕೊಟ್ಟವನು ನಾನೇ. ದಿಲ್ಲಿಯ ಪಂಡಿತರು ಲೆಕ್ಕ ಬಗೆಹರಿಯದೆ ನಮ್ಮ ಜಗಲಿಗೆ ಬಂದು ಕುಳಿತಿದ್ದರು. ನಾನು ಮುದ್ದೆ ಮುರಿಯುತ್ತಲೇ, ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ಕಿತ್ತು ಹಾಕಿ ಎಂದೆ. ಸೂರ್ಯನೂ ತಕರಾರು ಮಾಡಲಿಲ್ಲ. ಏಳನೇ ಕ್ಲಾಸು ಓದಿದವನಿಗೆ ಇಷ್ಟು ತಲೆ ಎಲ್ಲಿಂದ ಬಂತು ಎಂದು ಊರಿನವರು ಈಗಲೂ ಕೇಳುತ್ತಾರೆ. ಅವರು ಮರೆತ ದಿನ ನಾನೇ ನೆನಪಿಸುತ್ತೇನೆ.

ಈ ಕಾಗದದಲ್ಲಿ ನಿಮಗೆ ಗುರುತಿಲ್ಲದ ಮಾತುಗಳು ಬಂದರೆ ಕ್ಷಮಿಸಬೇಕು. ಇದು ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲದವರಿಗೆ ಕಾಗದ ಮುಟ್ಟಿಸುವ ಇಲಾಖೆ. ಕಾಲವನ್ನೇ ಹಿಂದಕ್ಕೆ ತಿರುಗಿಸಬಲ್ಲ ಈ ಇಲಾಖೆಗೆ, ಊಟಕ್ಕೆಂದು ಹೋದ ಗುಮಾಸ್ತನನ್ನು ವಾಪಸು ಕರೆಸಲು ಮಾತ್ರ ಆಗಿಲ್ಲ. ಅವನು ಬರುವವರೆಗೆ ಕಿಟಕಿಯ ಮುಂದೆ ನಿಂತುಕೊಂಡೇ ಬರೆಯುತ್ತಿದ್ದೇನೆ. ನನ್ನ ಹಿಂದಿದ್ದವನೊಬ್ಬ 'ಒಂದೇ ಒಂದು ವಿಷಯ ಕೇಳ್ಕೊಂಡು ಹೋಗ್ಬಿಡ್ತೀನಿ ಯಜಮಾನ್ರೆ' ಎನ್ನುತ್ತ ನನ್ನ ಮುಂದೆ ಬಂದು ನಿಂತಾಗಿದೆ. ಆದ್ದರಿಂದ ದೇಶ ಪೂರ್ತಿ ಬದಲಾಗಿದೆ ಎಂದು ಹೆದರಬೇಡಿ. ಇಂದು ಹಾಕಿದ ರಸ್ತೆಯನ್ನು ನಾಳೆಯೇ ಅಗೆಯುತ್ತಾರೆ. ಹತ್ತು ಗಂಟೆಯ ಸಭೆಗೆ ಮುಖ್ಯ ಅತಿಥಿ ಒಂದು ಗಂಟೆಗೆ ಬಂದು, ಸಮಯ ಅಮೂಲ್ಯವಾದದ್ದು ಎಂದು ಭಾಷಣ ಮಾಡುತ್ತಾನೆ.

ಬದಲಾಗಿರುವುದು ಸದ್ದು. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಹಾರನ್ನು, ಮೈಕು, ಪಟಾಕಿ ಎಲ್ಲ ಸೇರಿ ಹುಟ್ಟಿದ ಕೂಸುಗಳಿಗೂ ಕಿವಿ ಕೇಳದಂತಾಯಿತಂತೆ. ಆಮೇಲೆ ಸರ್ಕಾರ ಸದ್ದಿಗೂ ರೇಷನ್ನು ತಂದಿತು. ಮೆಲ್ಲಗೆ ಆಡುವ ಮಾತು ಪುಕ್ಕಟೆ. ಅದಕ್ಕಿಂತ ಜೋರಾದದ್ದನ್ನೆಲ್ಲ ಚಿಟಿಕೆಯ ಲೆಕ್ಕದಲ್ಲಿ ಅಳೆಯುತ್ತಾರೆ. ಎರಡು ಬೆರಳು ಸೇರಿಸಿ ಹೊಡೆದ ಸದ್ದು ಒಂದು ಚಿಟಿಕೆ. ನಮ್ಮ ಪಾಲಿನ ಚಿಟಿಕೆಗಳು ಬಂದು ಬೀಳುವುದು ಸದ್ದುಗಿಂಡಿಗೆ. ನೋಡಲು ನೀರಿನ ಗಿಂಡಿಯಂತೆಯೇ ಇರುತ್ತದೆ. ತುಂಬಿದ್ದರೆ ಬೆಳಗುತ್ತದೆ, ಖರ್ಚಾದಂತೆ ಮಂಕಾಗುತ್ತದೆ. ಒಳಗೆಷ್ಟಿದೆ ಎಂಬ ಅಂಕಿ ಕಾಣಲು ಇಟ್ಟುಕೊಂಡವನ ಹೆಬ್ಬೆಟ್ಟೇ ಬೇಕು. ಬರಿದಾಯಿತೋ, ಡೋಲು ಬಡಿದರೂ ಹತ್ತಿ ಮೂಟೆಗೆ ಗುದ್ದಿದ ಹಾಗೆ. ಮದುವೆಯ ಶಾಸ್ತ್ರಕ್ಕೆ ಬಿಟ್ಟರೆ ಒಬ್ಬರ ಚಿಟಿಕೆ ಇನ್ನೊಬ್ಬರಿಗೆ ದಾಟಿಸುವಂತಿಲ್ಲ, ಸಾಲವೂ ಇಲ್ಲ. ಶಾಸಕರಿಗೆ ಮಾತ್ರ ಮಿತಿಯಿಲ್ಲ. ಅದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಕಾಯಿದೆ ಒಳ್ಳೆಯದೇ. ಆದರೆ ನಮ್ಮವರು ಮಾಡುವ ಕಾಯಿದೆಯಲ್ಲಿ ಒಂದಾದರೂ ತೂತು ಬೇಕಲ್ಲ? ಯಾರಿಗಾಗಿ ಸದ್ದೋ ಅವರ ಗಿಂಡಿಯಿಂದ ಕಡಿತ ಎಂದು ಬರೆದುಬಿಟ್ಟರು. ಹೀಗಾಗಿ ಅತ್ತೆ ಕೂಗಾಡಿದರೆ ಸೊಸೆಯ ಗಿಂಡಿ ಖಾಲಿಯಾಗುತ್ತದೆ. ಬೈದವರು ಹಾಯಾಗಿರುತ್ತಾರೆ, ಬೈಸಿಕೊಂಡವರು ದಿವಾಳಿ. ತರಕಾರಿ ಮಾರುವವನು ಕೂಗಿದರೆ ಗಿರಾಕಿಯ ಲೆಕ್ಕಕ್ಕೆ ಹೋಗುತ್ತದೆಂದು ಹೆಂಗಸರು ಬಾಗಿಲು ಹಾಕಿಕೊಂಡರು. ಈಗ ಅವನು ಬದನೆಕಾಯಿಯನ್ನು ಕೋಲಿಗೆ ಕಟ್ಟಿ ಎತ್ತಿ ಹಿಡಿದುಕೊಂಡು, ಬಾಯಿ ಮುಚ್ಚಿ ನಡೆಯುತ್ತಾನೆ.

ಇನ್ನು ಮನೆಯ ಸಂಗತಿ. ನಮ್ಮಕ್ಕ ಕೆಂಚಮ್ಮನ ಒಬ್ಬಳೇ ಮಗಳು ನೀಲವೇಣಿಗೆ ನಾಳಿದ್ದು ಮದುವೆ. ತಾಳಿ ಕಟ್ಟುವ ಗಳಿಗೆಯಲ್ಲಿ ಗಟ್ಟಿಮೇಳ ಇರಲೇಬೇಕೆಂಬುದು ನಿಮ್ಮಿಂದ ಬಂದ ಪದ್ಧತಿಯೇ. ಯಾರದೋ ಸೀನು, ಯಾರದೋ ಕೊಂಕು ಆ ಗಳಿಗೆಯಲ್ಲಿ ಹೆಣ್ಣಿನ ಕಿವಿಗೆ ಬೀಳಬಾರದಲ್ಲ. ಆದರೆ ಒಂದು ಗಟ್ಟಿಮೇಳಕ್ಕೆ ನಾಲ್ಕು ಸಾವಿರ ಚಿಟಿಕೆ ಬೇಕು. ಅಕ್ಕ ಅದನ್ನು ಹನ್ನೊಂದು ವರ್ಷ ಕೂಡಿಟ್ಟಳು. ಪಾತ್ರೆ ಕೈಜಾರದಂತೆ ತೊಳೆದಳು. ಮಗಳನ್ನು ಹೊಲದಿಂದ ಕರೆಯಬೇಕಾದರೆ ಸೆರಗು ಬೀಸಿದಳು. ಭಾವ ತೀರಿಕೊಂಡ ದಿನ ಗೋಳಿಟ್ಟರೆ ಮನೆಯ ಚಿಟಿಕೆ ಹೋಗುತ್ತದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತಳು. ಅವಳ ಭುಜ ಅದುರುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

ನಿಮ್ಮಲ್ಲಿ ಸೋದರಮಾವ ಹೆಣ್ಣನ್ನು ಎತ್ತಿಕೊಂಡು ಮಂಟಪಕ್ಕೆ ತರುತ್ತಿದ್ದನಂತೆ. ನಮ್ಮಲ್ಲಿ ಅದರ ಜೊತೆಗೆ ಇನ್ನೊಂದು ಹೊಣೆಯಿದೆ. ವೀಳ್ಯದೆಲೆ ಶಾಸ್ತ್ರದ ದಿನ ಹೆಣ್ಣಿನ ಮನೆಯ ಸದ್ದನ್ನೆಲ್ಲ ಮಾವನ ಗಿಂಡಿಗೆ ಸುರಿಯುತ್ತಾರೆ. ಮದುವೆಯವರೆಗೆ ಅವನು ಕಾಯಬೇಕು. ಹಾಗೆ ಅಕ್ಕನ ಸದ್ದು ನನ್ನ ಗಿಂಡಿಗೆ ಬಂತು, ನಮ್ಮ ಹಟ್ಟಿಯೆಲ್ಲ ಬೆಳಗಿತು. ಇದನ್ನು ಕಂಡವನು ಮೌನ ಸಂಘದ ಅಧ್ಯಕ್ಷ ಉಗ್ರಪ್ಪ. ಊರಿನಲ್ಲೇ ತುಂಬಿದ ಗಿಂಡಿ ನಿಮ್ಮದು, ಈ ವರ್ಷದ ಸನ್ಮಾನ ನಿಮಗೇ ಎಂದ. ಅದು ಅಕ್ಕನದು ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವನು ಪೇಟದ ಅಳತೆ ಕೇಳಿದ.

ನಿನ್ನೆ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. 'ಇಂಥ ಮೌನಿ ನಮ್ಮ ಸೀಮೇಲಿ ಇನ್ನೊಬ್ರಿಲ್ಲ' ಎಂದು ಉಗ್ರಪ್ಪ ಹೇಳಿದಾಗ ಹಿಂದಿನಿಂದ ಯಾರೋ, 'ಓಬ್ಳಯ್ಯ ಮೌನಿ ಆದ್ರೆ ನಮ್ಮ ಕೆರೆ ಕಪ್ಪೆಗಳೆಲ್ಲ ಋಷಿಗಳು ಕಣಣ್ಣೋ' ಎಂದರು. ಜನ ಪದ್ಧತಿಯಂತೆ ಮೂರು ಚಪ್ಪಾಳೆ ತಟ್ಟಿ ಕೈಕಟ್ಟಿಕೊಂಡರು. ನನಗೆ ಮೈಯುರಿಯಿತು. ಎದ್ದು ನಿಂತು ಕೇಳಿಯೇಬಿಟ್ಟೆ: 'ಏನ್ರಪ್ಪಾ, ಉಪವಾಸ ಇದ್ದೀರಾ? ಕೈಗೆ ಬಲ ಇಲ್ವಾ?'

ಬಲವಿತ್ತು. ವರ್ಷಗಟ್ಟಲೆ ಬಾಯಿ ಬಿಗಿಹಿಡಿದ ಜನ, ಅದೂ ಇನ್ನೊಬ್ಬನ ಗಿಂಡಿಯ ಖರ್ಚಿನಲ್ಲಿ! ಕುರ್ಚಿ ಬಡಿದರು, ಕುಣಿದರು. ಹಲ್ಲಿಲ್ಲದ ಸಿದ್ದಮ್ಮಜ್ಜಿ ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹೊಡೆದಳು. ನಾನು ನಾಲ್ಕೂ ದಿಕ್ಕಿಗೆ ಕೈಮುಗಿಯುತ್ತಲೇ ಇದ್ದೆ. ಪೇಟ ಕಣ್ಣಿನ ಮೇಲೆ ಜಾರಿತ್ತು. ಇದ್ದಕ್ಕಿದ್ದಂತೆ ಸದ್ದು ಅಡಗಿದಾಗ, ಭಾವುಕರಾದರು ಪಾಪ ಎಂದುಕೊಂಡೆ. ಪೇಟ ಮೇಲೆತ್ತಿ ನೋಡಿದರೆ ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು, ಕೇಳುತ್ತಿರಲಿಲ್ಲ ಅಷ್ಟೆ. ಕೊನೆಗೆ ಉಗ್ರಪ್ಪನೇ ಎಲ್ಲರ ಕೈ ಹಿಡಿದು ನಿಲ್ಲಿಸಿದ.

ಮನೆಗೆ ಬಂದೊಡನೆ ಅಕ್ಕ ಕೇಳಿದಳು: 'ಲೋ ಓಬ್ಳಾ, ಗಿಂಡಿ ಯಾಕೋ ಮಂಕಾಗೈತೆ?'

'ಧೂಳು ಕಣಕ್ಕಾ. ಚಪ್ಪಾಳೆಗೆ ಒಂದು ನಲವತ್ತು ಚಿಟಿಕೆ ಹೋಗಿರ್ಬೋದು.'

'ನಲವತ್ತು ತಾನೆ, ಹೋಗ್ಲಿ ಬಿಡು. ನಿಂಗೂ ಒಂದು ಸನ್ಮಾನ ಆಯ್ತಲ್ಲ. ಅಪ್ಪ ಇದ್ದಿದ್ರೆ ಕುಣಿಯೋರು' ಎಂದು ಶಾಲನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇವತ್ತು ಬೆಳಿಗ್ಗೆ ನೀಲವೇಣಿ ಪಕ್ಕದಲ್ಲಿ ಬಂದು ಕುಳಿತಳು. ಹುಟ್ಟಿದಾಗಿನಿಂದ ಅವಳು ಗಟ್ಟಿಮೇಳ ಕೇಳಿದವಳಲ್ಲ. 'ಮಾವಾ, ಗುಡುಗಿಗಿಂತ ಜೋರಾಗಿರ್ತೈತಾ?' ಎಂದಳು. 'ಗುಡುಗು ಕಿವಿಗೆ ಕೇಳ್ಸೋದು ಕಣವ್ವಾ, ಇದು ಹೊಟ್ಟೆಯೊಳಗೆ ಕೇಳ್ಸುತ್ತೆ' ಎಂದೆ. ಅವಳು ಸುಮ್ಮನೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅಲ್ಲಿಂದ ಎದ್ದವನು ಸೀದಾ ಈ ಕಿಟಕಿಗೆ ಬಂದೆ.

ಹಿರಿಯರೇ, ಸಿಗ್ನಲ್ಲು ಹಸಿರಾಗುವ ಮೊದಲೇ ಹಾರನ್ನು ಒತ್ತುವಿರಂತೆ. ಯಾರೂ ಕೇಳದ ಭಾಷಣಕ್ಕೆ ಊರಗಲ ಮೈಕು ಕಟ್ಟುವಿರಂತೆ. ಒಮ್ಮೆ ಅದನ್ನೆಲ್ಲ ನಿಲ್ಲಿಸಿ ಎಂದು ಬುದ್ಧಿ ಹೇಳಲು ಹೊರಟಿದ್ದೆ. ಚಪ್ಪಾಳೆಗೆ ಮನೆ ತೊಳೆದವನಿಗೆ ಆ ಯೋಗ್ಯತೆಯಿಲ್ಲ. ಒಂದು ಬೇಡಿಕೆ ಮಾತ್ರ ಇದೆ. ಈ ಸಲ ನೀವು ಹೋದ ಮದುವೆಯಲ್ಲಿ ಪುರೋಹಿತರು ಗಟ್ಟಿಮೇಳ ಎಂದಾಗ ಊಟದ ಸಾಲಿನ ಕಡೆ ಓಡಬೇಡಿ. ನಿಂತು ಕೇಳಿ. ನಮ್ಮ ಹುಡುಗಿಯ ಪಾಲಿನದನ್ನೂ ಕೇಳಿ. ಮನೆಯಲ್ಲಿ ಸಾವಾದರೆ ಹೆಂಗಸರನ್ನು ಸುಮ್ಮನಿರಿ ಎನ್ನಬೇಡಿ.

ಗುಮಾಸ್ತ ಬಾಯಿ ಒರೆಸಿಕೊಳ್ಳುತ್ತ ಬಂದ. ಇದನ್ನು ಅವನ ಕೈಗಿಟ್ಟು ಮನೆಗೆ ಹೋಗುತ್ತೇನೆ. ಅಕ್ಕನಿಗೆ ಹೇಳಲೇಬೇಕು, ಅವಳು ಬೈಯಲೇಬೇಕು. ನನ್ನನ್ನು ಬೈದ ಸದ್ದು ನನ್ನ ಲೆಕ್ಕಕ್ಕೇ ಬರುತ್ತದೆ. ಬರಿದಾಗಿದ್ದ ಗಿಂಡಿಗೆ ಇವತ್ತು ಈ ವಾರದ ಪಾಲು ಏಳು ಚಿಟಿಕೆ ಬಂದು ಬಿದ್ದಿವೆ. ಹನ್ನೊಂದು ವರ್ಷದ ಮೇಲೆ ಅವಳು ಒಂದೇ ಒಂದು ಮಾತನ್ನಾದರೂ ಜೋರಾಗಿ ಆಡಲಿ. ಅದಕ್ಕೆಂದೇ ಕೆಮ್ಮನ್ನೂ ನುಂಗಿಕೊಂಡು ನಡೆಯುತ್ತೇನೆ.

ಹೋದದ್ದು ನಲವತ್ತಲ್ಲ. ನಾಲ್ಕು ಸಾವಿರದ ನೂರ ಹದಿನಾರು.

ಇಂತಿ,
ಓಬಳಯ್ಯ